ಆರೇ ತಿಂಗಳಿಗೆ ಟ್ರ್ಯಾಕ್ಟರ್ ಕ್ಲಚ್ ಮತ್ತೆ ಜಾರುತ್ತಿದೆ. ಕಂಪನಿ ಕ್ಲಚ್ ಪ್ಲೇಟ್ ಹಾಕಿಸಲೇ, ಲೋಕಲ್ ಹಾಕಿಸಲೇ?

ಸದ್ಯಕ್ಕೆ ಎರಡನ್ನೂ ಹಾಕಿಸಬೇಡಿ. ಟ್ರೇಲರ್ ತುಂಬಿದರೆ ಎಂಜಿನ್ ಮಾತ್ರ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದು ಬರೆದಿದ್ದೀರಿ. ಓದುತ್ತಿದ್ದಂತೆ ಆ ವಾಸನೆ ನನ್ನ ಮೂಗಿಗೇ ಬಡಿಯಿತು.

ನಮ್ಮದು ಮಲೇಬೆನ್ನೂರು ಕಡೆ, ಭದ್ರಾ ನಾಲೆಯ ಕೊನೆಯ ಭಾಗ. ಮೇಲಿನವರ ಗದ್ದೆ ಹಸಿರಾದ ಮೇಲೆ ನಮಗೆ ನೀರು. ಅದು ಬಂದ ದಿನ ಊರಿಗೆ ಊರೇ ಒಟ್ಟಿಗೆ ಕೆಸರಿಗೆ ಇಳಿಯಬೇಕು. ನನ್ನ ಕ್ಲಚ್ ಕೆಟ್ಟ ವರ್ಷ ನನ್ನ ಗದ್ದೆಯ ಜೊತೆಗೆ ಬಾಡಿಗೆಗೂ ಹೋಗಿ, ಕಬ್ಬಿಣದ ಚಕ್ರ ಕಟ್ಟಿಕೊಂಡು ಹಗಲು ರಾತ್ರಿ ರೊಟವೇಟರ್ ಹೊಡೆದೆ.

ಈಗ ನನ್ನ ಘನಕಾರ್ಯ ಕೇಳಿ. ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವೆ ಕ್ಲಚ್ ಕೂತಿರುವ ಗೂಡಿನ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಹಲವು ಟ್ರ್ಯಾಕ್ಟರ್‌ಗಳಲ್ಲಿ ಅದರಲ್ಲಿ ಒಂದು ಸ್ಪ್ಲಿಟ್ ಪಿನ್ ಸಡಿಲವಾಗಿ ನೇತಾಡುತ್ತಿರುತ್ತದೆ. ಗಾಡಿ ಓಡುವಾಗ ಪಿನ್ ಅಲುಗಾಡಿ, ತೂತಿನಲ್ಲಿ ಕೆಸರು ಕಟ್ಟದಂತೆ ನೋಡಿಕೊಳ್ಳುತ್ತದೆ. ಒಳಗೆ ಎಣ್ಣೆಯೋ ನೀರೋ ಸೇರಿದರೆ ಹೊರಗೆ ಹೋಗುವ ದಾರಿ ಅದೊಂದೇ. ಆದರೆ ಮೊಣಕಾಲುದ್ದದ ಕೆಸರಿನಲ್ಲಿ ಅದೇ ತೂತಿನಿಂದ ನೀರು ಒಳಗೂ ನುಗ್ಗುತ್ತದೆ. ಅದಕ್ಕೇ ಕೆಸರಿಗೆ ಇಳಿಸುವಾಗ ಅಲ್ಲಿಗೆ ಬಿರಡೆ ಹಾಕುತ್ತಾರೆ. ಕಂಪನಿಯ ಬಿರಡೆ ಕಳೆದುಹೋಗಿತ್ತು. ನಾನು ಬೇವಿನ ಕಡ್ಡಿ ಕೆತ್ತಿ, ಬಟ್ಟೆ ಸುತ್ತಿ, ಸುತ್ತಿಗೆಯಿಂದ ಬಡಿದು ಕೂರಿಸಿದೆ. ಅಷ್ಟರವರೆಗೆ ತಪ್ಪೇನೂ ಇಲ್ಲ. ನಾಟಿ ಮುಗಿದ ಮೇಲೆ ಅದನ್ನು ಕೀಳಲಿಲ್ಲ, ಅಷ್ಟೇ.

ಕೀಳದಿದ್ದರೆ ಏನು ಮಹಾ ಎನ್ನಬೇಡಿ. ಎಂಜಿನ್‌ನ ಹಿಂಬದಿಯ ಎಣ್ಣೆ ಹೊರಬರದಂತೆ ತಡೆಯುವ ಆಯಿಲ್ ಸೀಲ್ ಆಗಲೇ ಸವೆದು ಹನಿ ಹನಿಯಾಗಿ ಸೋರುತ್ತಿತ್ತು. ತೂತು ತೆರೆದಿದ್ದರೆ ಕೊಟ್ಟಿಗೆಯ ನೆಲದ ಮೇಲೆ ಕಪ್ಪು ಕಲೆ ಕಂಡು ಮೊದಲ ವಾರವೇ ಎಚ್ಚರವಾಗುತ್ತಿತ್ತು. ಬಿರಡೆ ಇದ್ದದ್ದರಿಂದ ಎಣ್ಣೆ ಒಳಗೇ ನಿಂತಿತು. ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಅದನ್ನು ಎರಚಿತು, ಪ್ಲೇಟ್ ಕುಡಿದು ಹಿಡಿತ ಬಿಟ್ಟಿತು. ಸುಗ್ಗಿಯಲ್ಲಿ 70 ಚೀಲ ಭತ್ತ ಹೇರಿಕೊಂಡು ದಾವಣಗೆರೆ ಎಪಿಎಂಸಿಗೆ ಹೊರಟವನು ನಾಲೆ ಏರಿಯ ಮೇಲೆ ನಿಂತುಬಿಟ್ಟೆ.

ಗಾಡಿ ಬಿಚ್ಚಿದ ಗ್ಯಾರೇಜ್ ಹುಡುಗ ಒಳಗೆ ಎಣ್ಣೆ ಕಂಡು, "ಅಣ್ಣಾ, ಸೀಲ್ ಹೋಗಿರಬೇಕು, ಫ್ಲೈವೀಲ್ ಇಳಿಸಿ ಅದನ್ನೂ ಹಾಕಿಬಿಡೋಣ" ಎಂದ. ನಾನು ಒಪ್ಪಲಿಲ್ಲ. "ಸೀಲ್ ಹೋಗಿದ್ದರೆ ನೆಲ ಒದ್ದೆಯಾಗಬೇಕಿತ್ತು. ನಮ್ಮ ಕೊಟ್ಟಿಗೆಗೆ ಬಂದು ನೋಡು, ಒಂದು ಹನಿ ಇಲ್ಲ" ಎಂದು ವಾದ ಮಾಡಿದೆ. ನನ್ನ ಕೈಯಾರೆ ತೂತು ಮುಚ್ಚಿ, ಹನಿ ಬೀಳದಿರುವುದನ್ನೇ ಸಾಕ್ಷಿ ಮಾಡಿಕೊಂಡಿದ್ದೆ! ಅವನು ಒರೆಸಿ, ಹೊಸ ಪ್ಲೇಟ್ ಹಾಕಿ ಮುಚ್ಚಿದ. ಅದು ಕಂಪನಿ ಪ್ಲೇಟೇ, ನೆನಪಿರಲಿ. ಎರಡೂವರೆ ತಿಂಗಳಿಗೆ ಅದೂ ಜಾರಿತು.

ಎರಡನೆಯ ಸಲ ಹರಿಹರದ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಹೋದೆ. ಅವರು ಬಿಚ್ಚುವ ಮೊದಲು ಗಾಡಿಯ ಕೆಳಗೆ ಮಲಗಿದರು. "ಯಜಮಾನರೇ, ಈ ಬಿರಡೆ ಹೊಡೆದವರು ಯಾರು?" ಎಂದು ಅಲ್ಲಿಂದಲೇ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಇಕ್ಕಳದಿಂದ ಎಳೆದರು, ಕರೀ ಎಣ್ಣೆ ದಬದಬನೆ ಸುರಿಯಿತು. ಎರಡು ಪ್ಲೇಟ್, ಎರಡು ಸಲ ಟ್ರ್ಯಾಕ್ಟರನ್ನು ಎಂಜಿನ್, ಗೇರ್ ಬಾಕ್ಸ್ ನಡುವೆ ಸೀಳಿ ಜೋಡಿಸಿದ ಕೂಲಿ, ನಡುವೆ ಬೇರೆಯವರ ಗಾಡಿಗೆ ಕೊಟ್ಟ ಬಾಡಿಗೆ. ಇದರ ಮುಂದೆ ಆ ಸೀಲ್‌ನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕೋಣವೇ ಎಂದೂ ಕೇಳಿದ್ದೆ. ಅವರು ನಕ್ಕರು. ಪ್ಲೇಟಿನ ಮೇಲಿನ ಲೈನಿಂಗ್ ಪದರದ ಒಳಗೆ ಇಳಿದ ಎಣ್ಣೆ ಬಿಸಿಯಾದ ಕೂಡಲೇ ಮತ್ತೆ ಮೇಲೆ ಬರುತ್ತದಂತೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಪ್ಲೇಟ್ ತಾನಾಗಿ ಸಾಯುವುದು ವರ್ಷಗಳ ಮೇಲೆ. ಆರು ತಿಂಗಳಿಗೆ ಸತ್ತರೆ ಯಾರೋ ಕೊಂದಿದ್ದಾರೆ, ಬಹುತೇಕ ಅದು ಎಣ್ಣೆ ಅಥವಾ ಕಾಲು. ಕಾಲು ಎಂದರೆ ಪೆಡಲ್ ಮೇಲೆ ಸದಾ ಪಾದ ಊರಿಕೊಂಡು ಓಡಿಸುವ ಡ್ರೈವರ್. ನಿಮ್ಮ ಗಾಡಿಯನ್ನು ಯಾರು ಓಡಿಸುತ್ತಾರೋ ಬರೆದಿಲ್ಲ. ಪಕ್ಕದಲ್ಲಿ ಕೂತು ಅರ್ಧ ಗಂಟೆ ಅವರ ಎಡಗಾಲನ್ನೇ ನೋಡಿ. ಬಾಯಿಮಾತಿನಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ, ನನ್ನ ತಮ್ಮನೂ ಒಪ್ಪಲಿಲ್ಲ.

ಆಮೇಲೆ ಎಂಜಿನ್ ಆರಿಸಿ ಪೆಡಲನ್ನು ಕೈಯಿಂದ ಒತ್ತಿ. ಬಿಗಿ ಸಿಗುವ ಮೊದಲು ಸ್ವಲ್ಪ ಸಡಿಲ ಆಟ ಇರಬೇಕು, ಅನೇಕ ಗಾಡಿಗಳಲ್ಲಿ ಒಂದು ಅಂಗುಲದ ಆಸುಪಾಸು. ಸರಿಯಾದ ಅಳತೆ ಗಾಡಿಯ ಕೈಪಿಡಿಯಲ್ಲಿ ಇರುತ್ತದೆ. ಆಟವೇ ಇಲ್ಲದಿದ್ದರೆ ಪೆಡಲ್ ತುಳಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್, ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೆರಳುಗಳನ್ನು ಯಾವಾಗಲೂ ಒತ್ತಿಕೊಂಡೇ ಇರುತ್ತದೆ, ನೀವು ಕಾಲಿಡದಿದ್ದರೂ ಕ್ಲಚ್ ಅರ್ಧ ತುಳಿದಂತೆಯೇ ಇರುತ್ತದೆ. ಪೆಡಲ್ ರಾಡ್‌ನ ನಟ್ ತಿರುಗಿಸಿದರೆ ಸರಿಹೋಗುತ್ತದೆ, ಸ್ಪ್ಯಾನರ್ ಮನೆಯಲ್ಲೇ ಇರುತ್ತದೆ. ಇದನ್ನು ನೋಡದೆಯೇ ಗಾಡಿ ಸೀಳಿಸಿದವರನ್ನು ನಾನು ಬಲ್ಲೆ.

ಎಣ್ಣೆ ಸೋರಿಕೆಯೇ ಖಚಿತವಾದರೆ ಗಾಡಿ ಬಿಚ್ಚಿದ ಮೇಲೆ ಜಿಪುಣತನ ಬೇಡ. ಎಂಜಿನ್ ಕಡೆಯ ಸೀಲ್, ಗೇರ್ ಬಾಕ್ಸ್ ಶಾಫ್ಟಿನ ಸೀಲ್, ರಿಲೀಸ್ ಬೇರಿಂಗ್ ಮೂರನ್ನೂ ಹೊಸದು ಹಾಕಿಸಿ. ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆಯಂಥ ಬಿರುಕು ಇದ್ದರೆ ಲೇತ್‌ಗೆ ಕಳಿಸಬಹುದೇ, ಬದಲಿಸಬೇಕೇ ಎಂದು ಮೇಸ್ತ್ರಿಯನ್ನೇ ಕೇಳಿ. ಪ್ಲೇಟ್ ಕಂಪನಿಯದೇ ಇರಲಿ ಎನ್ನುತ್ತೇನೆ, ಆದರೆ ಅದು ಕೊನೆಯ ಮಾತು.

ನನ್ನ ಬಿರಡೆ ಈಗಲೂ ಇದೆ. ಕೆಸರಿಗೆ ಇಳಿಯುವಾಗ ಹಾಕುತ್ತೇನೆ, ಹಾಕಿದ ದಿನ ಸ್ಟಿಯರಿಂಗ್‌ಗೆ ಒಂದು ಕೆಂಪು ಬಟ್ಟೆ ಕಟ್ಟುತ್ತೇನೆ. ಬಿರಡೆ ಕಿತ್ತ ಮೇಲೆಯೇ ಬಟ್ಟೆ ಬಿಚ್ಚುವುದು. ಊರಿನವರು ಗಾಡಿಗೆ ದೃಷ್ಟಿಯಾಗಿದೆ ಎಂದುಕೊಂಡಿದ್ದಾರೆ.

ನಾಳೆ ಬೆಳಿಗ್ಗೆ ನಿಮ್ಮ ಗಾಡಿಯ ಕೆಳಗೆ ಮಲಗಿ ಆ ತೂತು ಹುಡುಕಿ. ಬಿರಡೆ ಇದ್ದರೆ ಎಳೆಯಿರಿ, ಕೆಸರು ಕಟ್ಟಿದ್ದರೆ ತಂತಿಯಿಂದ ಚುಚ್ಚಿ, ಕೆಳಗೊಂದು ಡಬ್ಬಿ ಇಡಿ. ಬಿದ್ದದ್ದು ಕರಿಯೋ, ಗೇರ್ ಎಣ್ಣೆಯ ಬಣ್ಣವೋ, ಬರೀ ನೀರೋ ಇಲ್ಲಿ ಬರೆಯಿರಿ. ಮೇಸ್ತ್ರಿಗೆ ಫೋನ್ ಮಾಡುವುದು ಅದಾದ ಮೇಲೆ.