ಓದುಗರ ಪ್ರಶ್ನೆ: ಫುಕುಶಿಮಾದ ಗಾಳಿ, ಅಡುಗೆಮನೆಯ ಉಪ್ಪು

ಪ್ರಶ್ನೆ: 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಸ್ಫೋಟವಾದಾಗ, ‘ಮಳೆ ಬಂದರೆ ಒಂದು ದಿನ ಮನೆಯಿಂದ ಹೊರಬೀಳಬೇಡಿ, ಕುತ್ತಿಗೆಗೆ ಬೆಟಾಡಿನ್ ಹಚ್ಚಿಕೊಳ್ಳಿ’ ಎಂಬ ಸಂದೇಶ ನನಗೂ ಬಂದಿತ್ತು. ಅಷ್ಟು ದೂರದ ವಿಕಿರಣ ನಿಜಕ್ಕೂ ಗಾಳಿಯಲ್ಲಿ ತೇಲಿ ಬರುತ್ತದೆಯೇ? (ಶಿರಸಿಯ ಓದುಗರು)

ಉತ್ತರ: ತೇಲಿ ಬರುತ್ತದೆ. ಆದರೆ ಬರುವುದು ಬೇರೆ, ಕೇಡು ಮಾಡುವಷ್ಟು ಬರುವುದು ಬೇರೆ. ಬಿಬಿಸಿಯ ಹೆಸರು ಹೊತ್ತು ಏಷ್ಯಾದ ಹಲವು ದೇಶಗಳಲ್ಲಿ ಓಡಾಡಿದ ಆ ಸಂದೇಶವನ್ನು ತಾನು ಕಳಿಸಿಲ್ಲವೆಂದು ಬಿಬಿಸಿಯೇ ಹೇಳಬೇಕಾಯಿತು; ಅಷ್ಟರೊಳಗೆ ಮನಿಲಾದ ವಿಶ್ವವಿದ್ಯಾಲಯವೊಂದು ವಿದ್ಯಾರ್ಥಿಗಳನ್ನು ಮನೆಗೆ ಕಳಿಸಿಯಾಗಿತ್ತು. ಗಾಯಕ್ಕೆ ಹಚ್ಚುವ ಔಷಧಿಯನ್ನು ಕುತ್ತಿಗೆಗೆ ಬಳಿದುಕೊಂಡರೆ, ಒಳಗಿನ ಥೈರಾಯ್ಡ್ ಗ್ರಂಥಿಗೆ ರಕ್ಷಣೆಯಾಗುವಷ್ಟು ಅಯೋಡಿನ್ ಚರ್ಮದ ಮೂಲಕ ಇಳಿಯುವುದಿಲ್ಲ.

ಸ್ಥಾವರದಿಂದ ಹೊರಬಿದ್ದದ್ದರಲ್ಲಿ ಜನರು ಮುಖ್ಯವಾಗಿ ಗಮನಿಸಬೇಕಾದವು ಥೈರಾಯ್ಡ್‌ನಲ್ಲಿ ಸೇರಿಕೊಳ್ಳುವ ವಿಕಿರಣಶೀಲ ಅಯೋಡಿನ್-131 ಮತ್ತು ಸೀಸಿಯಂ. ಮೊದಲನೆಯದು ಎಂಟು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ, ಎಂಬತ್ತು ದಿನಗಳಲ್ಲಿ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಸೀಸಿಯಂ-137 ಅರ್ಧವಾಗಲು ಮೂವತ್ತು ವರ್ಷ ಬೇಕು. ಇವುಗಳ ಕುರುಹು ಕೆಲವೇ ದಿನಗಳಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಉಪಕರಣಗಳಿಗೆ ಸಿಕ್ಕಿತು. ಸಿಕ್ಕಿದ್ದಕ್ಕೆ ಕಾರಣ ಪ್ರಮಾಣ ದೊಡ್ಡದಾಗಿತ್ತೆಂಬುದಲ್ಲ, ಆ ಉಪಕರಣಗಳು ಅಷ್ಟು ಸೂಕ್ಷ್ಮವಾಗಿದ್ದವು. ‘ಪತ್ತೆಯಾಗಿದೆ’ ಎಂಬ ಶೀರ್ಷಿಕೆ ಕಂಡಾಗ ಎಷ್ಟು ಎಂದು ಕೇಳದೆ ಮುಂದೆ ಓದಬಾರದು.

ಹಾಗೆಂದು ಜನರ ಭಯವೆಲ್ಲ ಮೌಢ್ಯವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಹತ್ತಿರದಲ್ಲಿ ನಡೆದದ್ದನ್ನು ನೋಡಿ. ಸ್ಥಾವರದ ಸುತ್ತ 20 ಕಿಲೋಮೀಟರಿನ ವೃತ್ತ ಎಳೆದು ಒಳಗಿದ್ದವರನ್ನು ತೆರವುಗೊಳಿಸಿದರು, ಆದರೆ ಗಾಳಿಗೆ ವೃತ್ತ ಗೊತ್ತಿಲ್ಲ. ಮಾರ್ಚ್ 15ರಂದು ಅದು ವಾಯವ್ಯಕ್ಕೆ ತಿರುಗಿತು, ಜೊತೆಗೆ ಮಳೆಯೂ ಹಿಮವೂ ಬಿದ್ದವು, ಹೊಗೆಯಲ್ಲಿದ್ದ ಸೀಸಿಯಂ ನೆಲಕ್ಕಿಳಿಯಿತು. ಹೀಗಾಗಿ ಮೂವತ್ತು ಕಿಲೋಮೀಟರಿನಾಚೆಯ ಈಟಾಟೆ ಎಂಬ ಹಳ್ಳಿ, ಸ್ಥಾವರಕ್ಕೆ ಹತ್ತಿರದ ಎಷ್ಟೋ ಊರುಗಳಿಗಿಂತ ಹೆಚ್ಚು ಕಲುಷಿತವಾಯಿತು. ಅಲ್ಲಿಯವರಿಗೆ ಹೊರಡಿ ಎಂಬ ಆದೇಶ ಬಂದದ್ದು ಒಂದು ತಿಂಗಳು ಕಳೆದ ಮೇಲೆ. ಇನ್ನೂ ನೋವಿನ ಸಂಗತಿಯೆಂದರೆ, ನಾಮಿಯೆ ಪಟ್ಟಣದ ಸಾವಿರಾರು ಜನರು ಸುರಕ್ಷಿತವೆಂದು ನಂಬಿ ಹೋಗಿ ಉಳಿದುಕೊಂಡ ತ್ಸುಶಿಮಾ ಪ್ರದೇಶ ಆ ಗಾಳಿಯ ದಾರಿಯಲ್ಲೇ ಇತ್ತು. ವಿಕಿರಣ ಯಾವ ಕಡೆ ಹರಡೀತು ಎಂಬ ಕಂಪ್ಯೂಟರ್ ಲೆಕ್ಕಾಚಾರ ಸರ್ಕಾರದ ಬಳಿ ಇತ್ತು, ಸಾರ್ವಜನಿಕರಿಗೆ ಸಿಕ್ಕಿದ್ದು ಮಾರ್ಚ್ 23ರಂದು. ಅದಕ್ಕೂ ಇಪ್ಪತ್ತೈದು ವರ್ಷ ಹಿಂದೆ, 1986ರಲ್ಲಿ, ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರ ಹೊತ್ತಿ ಉರಿಯುತ್ತಿದ್ದಾಗಲೇ ಹತ್ತಿರದ ಕೀವ್ ನಗರದಲ್ಲಿ ಮೇ ದಿನದ ಮೆರವಣಿಗೆ ನಡೆಸಿದ್ದರು. ಒಮ್ಮೆ ಹೀಗೆ ಮುಚ್ಚಿಟ್ಟವರು ಮುಂದೆ ನಿಜವನ್ನೇ ಹೇಳಿದರೂ ಜನ ಬೆಟಾಡಿನ್ ಸಂದೇಶವನ್ನೇ ನಂಬಿದರೆ ತಪ್ಪು ಜನರದ್ದು ಮಾತ್ರವಲ್ಲ.

ಮಾಹಿತಿ ಸಕಾಲಕ್ಕೆ ಬಂದರೆ ಏನಾಗುತ್ತದೆ ಎಂಬುದಕ್ಕೂ ಅದೇ ತಿಂಗಳ ಉದಾಹರಣೆಯಿದೆ. ಮಾರ್ಚ್ 23ರಂದು ಟೋಕಿಯೋದ ಒಂದು ನೀರು ಶುದ್ಧೀಕರಣ ಘಟಕದಲ್ಲಿ ಕಿಲೋ ನೀರಿಗೆ 210 ಬೆಕ್ವೆರೆಲ್ (ವಿಕಿರಣಶೀಲತೆಯ ಅಳತೆ) ಅಯೋಡಿನ್-131 ಕಂಡಿತು. ಆಗ ಶಿಶುಗಳಿಗಿದ್ದ ಮಿತಿ 100. ನಲ್ಲಿಯ ನೀರನ್ನು ಹಸುಗೂಸುಗಳಿಗೆ ಕೊಡಬೇಡಿ ಎಂದು ಕೂಡಲೇ ಸಾರಿ, ಕೂಸುಗಳಿರುವ ಮನೆಗಳಿಗೆ ಬಾಟಲಿ ನೀರು ಹಂಚಿದರು. ಮರುದಿನ ಪ್ರಮಾಣ 79ಕ್ಕೆ ಇಳಿದಾಗ ಸೂಚನೆಯನ್ನು ಹಿಂತೆಗೆದುಕೊಂಡರು. ಅಂಗಡಿಗಳಲ್ಲಿ ನೀರಿನ ಬಾಟಲಿ ಖಾಲಿಯಾದದ್ದು ನಿಜ, ಆದರೆ ಸಂಖ್ಯೆ ಎಲ್ಲರ ಎದುರಿಗಿತ್ತು.

ಪ್ರಶ್ನೆ: ಅಯೋಡಿನ್ ಇರುವ ಉಪ್ಪನ್ನು ಹೆಚ್ಚು ತಿಂದರೆ ರಕ್ಷಣೆ ಸಿಗುತ್ತದೆ ಎನ್ನುತ್ತಾರೆ. ಕೊಂಡಿಟ್ಟುಕೊಳ್ಳಬೇಕೇ? (ಹುಬ್ಬಳ್ಳಿಯ ಗೃಹಿಣಿಯೊಬ್ಬರು)

ಉತ್ತರ: ಬೇಡ. 2011ರ ಮಾರ್ಚ್‌ನಲ್ಲಿ ಚೀನಾದ ಜನ ಇದನ್ನೇ ನಂಬಿ ಮುಗಿಬಿದ್ದು ಅಂಗಡಿಗಳ ಉಪ್ಪನ್ನೆಲ್ಲ ಖಾಲಿ ಮಾಡಿದ್ದರು. ನೀವೇ ಲೆಕ್ಕ ಹಾಕಿ ನೋಡಿ. ಅಪಘಾತದ ಸಮಯದಲ್ಲಿ ವಯಸ್ಕರಿಗೆ ಕೊಡುವ 130 ಮಿಲಿಗ್ರಾಮಿನ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಯಲ್ಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ನಮ್ಮ ಅಂಗಡಿಯ ಉಪ್ಪಿನಲ್ಲಿ ಇರಲೇಬೇಕಾದ ಕನಿಷ್ಠ ಪ್ರಮಾಣ ಕಿಲೋಗೆ 15 ಮಿಲಿಗ್ರಾಂ. ಅಂದರೆ ಒಂದು ಮಾತ್ರೆಗೆ ಸಮನಾಗಬೇಕಾದರೆ ಆರೂವರೆ ಕಿಲೋಗಿಂತ ಹೆಚ್ಚು ಉಪ್ಪನ್ನು ಒಂದೇ ದಿನದಲ್ಲಿ ತಿನ್ನಬೇಕು. ವಿಕಿರಣ ತಲುಪುವ ಮೊದಲೇ ಉಪ್ಪು ಆಳನ್ನು ಮುಗಿಸಿರುತ್ತದೆ. ಮಾತ್ರೆ ಕೂಡ ಥೈರಾಯ್ಡನ್ನು ಸಾಧಾರಣ ಅಯೋಡಿನ್‌ನಿಂದ ಮೊದಲೇ ತುಂಬಿಸಿ ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ ಕಾಯುತ್ತದೆ, ಸೀಸಿಯಂ ಮುಂದೆ ಅದರ ಆಟ ನಡೆಯದು. ಮಕ್ಕಳಿಗೂ ಗರ್ಭಿಣಿಯರಿಗೂ ಅದು ಬಹಳ ಮುಖ್ಯ, ಆದರೆ ಅಧಿಕಾರಿಗಳು ಹೇಳಿದ ಹೊತ್ತಿಗೆ ನುಂಗಿದರೆ ಮಾತ್ರ ಫಲ.

ಪ್ರಶ್ನೆ: ಮಗಳ ಸಂಸಾರ ಜಪಾನಿನಲ್ಲಿದೆ. ಫುಕುಶಿಮಾದ ನೀರನ್ನು ಸಮುದ್ರಕ್ಕೆ ಬಿಡುತ್ತಿದ್ದಾರಂತೆ, ಮೀನು ತಿನ್ನಬಹುದೇ? (ಮಂಗಳೂರಿನ ಓದುಗರು)

ಉತ್ತರ: ತಿನ್ನಬಹುದು. 2023ರ ಆಗಸ್ಟ್ 24ರಿಂದ ಬಿಡುತ್ತಿರುವ ನೀರಿನಿಂದ ಬಹುತೇಕ ವಿಕಿರಣಶೀಲ ವಸ್ತುಗಳನ್ನು ಸೋಸಿ ತೆಗೆಯುತ್ತಾರೆ. ಉಳಿಯುವುದು ಟ್ರಿಟಿಯಂ, ಅದು ಹೈಡ್ರೋಜನ್ನಿನದೇ ರೂಪವಾಗಿ ನೀರಿನ ಅಣುವಿನೊಳಗೇ ಸೇರಿಕೊಂಡಿರುವುದರಿಂದ ಸೋಸಲು ಬಾರದು. ಲೀಟರಿಗೆ 1,500 ಬೆಕ್ವೆರೆಲ್‌ಗಿಂತ ಕಡಿಮೆಯಾಗುವಂತೆ ಸಮುದ್ರದ ನೀರು ಬೆರೆಸಿ ಬಿಡುತ್ತಾರೆ. ಕುಡಿಯುವ ನೀರಿಗೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ 10,000. ನಿಮಗೆ ಬಂದಿರಬಹುದಾದ ‘ಮಿತಿಗಿಂತ 180 ಪಟ್ಟು ವಿಕಿರಣದ ಮೀನು’ ಸುಳ್ಳಲ್ಲ, ಆದರೆ ಅದು ಈ ನೀರು ಬಿಡುವ ಮೊದಲೇ, 2023ರ ಮೇ ತಿಂಗಳಲ್ಲಿ, ಸ್ಥಾವರದ ಸ್ವಂತ ಬಂದರಿನೊಳಗೆ ಹಿಡಿದದ್ದು. ಅದರಲ್ಲಿದ್ದದ್ದು 2011ರ ಸೀಸಿಯಂ. ಅಲ್ಲಿಯ ಮೀನು ಮಾರುಕಟ್ಟೆಗೆ ಬರುವುದಿಲ್ಲ.

ಪ್ರಶ್ನೆ: ವಿಕಿರಣ ತಗುಲಿದವರನ್ನು ಮುಟ್ಟಿದರೆ ನಮಗೂ ಅಂಟುತ್ತದೆಯೇ? (ದಾವಣಗೆರೆಯ ವಿದ್ಯಾರ್ಥಿ)

ಉತ್ತರ: ಅದು ಅಂಟುಜಾಡ್ಯವಲ್ಲ. ಬಟ್ಟೆ, ಕೂದಲ ಮೇಲೆ ಕಲುಷಿತ ಧೂಳಿದ್ದರೆ ಬಟ್ಟೆ ಕಳಚಿ ಸ್ನಾನ ಮಾಡಿಸಿದರೆ ಅದರ ಹೆಚ್ಚಿನ ಪಾಲು ಹೋಗುತ್ತದೆ. ಇಷ್ಟು ತಿಳಿಯದೆ ಫುಕುಶಿಮಾದಿಂದ ಹೋದ ಮಕ್ಕಳನ್ನು ಬೇರೆ ಊರಿನ ಶಾಲೆಗಳಲ್ಲಿ ಪೀಡಿಸಿದರು. 1987ರಲ್ಲಿ ಬ್ರೆಜಿಲಿನ ಗೋಯಾನಿಯಾದಲ್ಲಿ ಗುಜರಿ ಸೇರಿದ್ದ ಸೀಸಿಯಂನಿಂದ ಸತ್ತ ಪುಟ್ಟ ಹುಡುಗಿಯ ಶವಪೆಟ್ಟಿಗೆಗೆ ಜನ ಕಲ್ಲು ಹೊಡೆದದ್ದೂ ಇದೆ.

ಪ್ರಶ್ನೆ: ನಮ್ಮ ಊರು ಕೈಗಾ ಸ್ಥಾವರಕ್ಕೆ ಹತ್ತಿರ. ಏನಾದರೂ ಆದರೆ ತಕ್ಷಣ ಗಾಡಿ ಹತ್ತಿ ಹೊರಟುಬಿಡುವುದೇ? (ಕಾರವಾರ ತಾಲ್ಲೂಕಿನ ರೈತರು)

ಉತ್ತರ: ಆತುರ ಬೇಡ. ಫುಕುಶಿಮಾ ಪ್ರಾಂತ್ಯದಲ್ಲಿ ತೆರವಿನ ಗಡಿಬಿಡಿ, ಆಸ್ಪತ್ರೆಯಿಂದ ಹೊರಬಿದ್ದ ವೃದ್ಧ ರೋಗಿಗಳ ಪ್ರಯಾಣ, ವರ್ಷಗಟ್ಟಲೆ ಶಿಬಿರವಾಸ ಮುಂತಾದವುಗಳಿಂದ ಸತ್ತವರೆಂದು ದಾಖಲಾದವರು 2,000ಕ್ಕೂ ಹೆಚ್ಚು; ಇದು ಅದೇ ಪ್ರಾಂತ್ಯದಲ್ಲಿ ಭೂಕಂಪ, ಸುನಾಮಿಗಳಿಂದ ನೇರವಾಗಿ ಸತ್ತವರಿಗಿಂತ ಹೆಚ್ಚು. ಗಾಳಿ ಯಾವ ಕಡೆಗಿದೆಯೆಂದು ತಿಳಿಯದೆ ಬೈಕ್ ಹತ್ತಿದವರು ತ್ಸುಶಿಮಾಕ್ಕೆ ಹೋದವರಂತೆ ಅದರ ದಾರಿಗೇ ಹೋಗಬಹುದು. ಮೊದಲು ಮನೆಯೊಳಗೆ ಸೇರಿ, ಕಿಟಕಿ ಬಾಗಿಲು ಮುಚ್ಚಿ, ರೇಡಿಯೋ ಹಾಕಿ ಆದೇಶಕ್ಕೆ ಕಾಯಬೇಕು. ಚೆರ್ನೋಬಿಲ್‌ನಲ್ಲಿ ಮಕ್ಕಳ ಥೈರಾಯ್ಡ್ ಕ್ಯಾನ್ಸರಿಗೆ ದೊಡ್ಡ ದಾರಿಯಾದದ್ದು ಕಲುಷಿತ ಹುಲ್ಲು ಮೇಯ್ದ ಹಸುಗಳ ಹಾಲು, ಅದನ್ನು ಕುಡಿಯಬೇಡಿ ಎಂದು ಹಳ್ಳಿಗಳಿಗೆ ಬೇಗ ತಿಳಿಸಿರಲಿಲ್ಲ. ನೀವು ರೈತರಾದ್ದರಿಂದ ಇದನ್ನು ನೆನಪಿಡಿ: ಹಸುವನ್ನು ಕೊಟ್ಟಿಗೆಯಲ್ಲೇ ಕಟ್ಟಿ ಒಳಗೆ ಪೇರಿಸಿದ ಒಣಹುಲ್ಲನ್ನೇ ಹಾಕಿ, ಬಾವಿಗೆ ಮುಚ್ಚಳ ಹಾಕಿ, ಹಿತ್ತಿಲ ಸೊಪ್ಪನ್ನು ಸೂಚನೆ ಬರುವವರೆಗೆ ಕೊಯ್ಯಬೇಡಿ. ತುರ್ತು ಸಮಯದಲ್ಲಿ ನಿಮ್ಮ ಊರಿನವರು ಎಲ್ಲಿ ಸೇರಬೇಕು, ಮಾತ್ರೆ ಯಾರ ಬಳಿ ಇರುತ್ತದೆ ಎಂಬುದನ್ನು ಈಗಲೇ ಪಂಚಾಯಿತಿಯಲ್ಲಿ ಕೇಳಿ, ಉತ್ತರ ಬರದಿದ್ದರೆ ಅರ್ಜಿ ಬರೆದು ಕೊಡಿ.