ಸಂಪಾದಕರ ಉತ್ತರ: ಏಣಿಯ ಮೆಟ್ಟಿಲು ಬದಲಿಸಿದರೆ ತಪ್ಪಾ?

ಯಾದಗಿರಿ ಜಿಲ್ಲೆಯ ಒಂದು ತಾಂಡಾ ಶಾಲೆಯಿಂದ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಒಂದರಿಂದ ಮೂರನೇ ತರಗತಿಯವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ, ಹೆಚ್ಚಿನವರ ಮನೆಮಾತು ಲಂಬಾಣಿ. ನಲಿಕಲಿ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಾರ್ಡುಗಳ 'ಏಣಿ' ಹಿಡಿದು ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವ ಸರ್ಕಾರಿ ಶಾಲೆಯ ಪದ್ಧತಿ. ಆ ಕಾರ್ಡುಗಳ ಕ್ರಮ ಬಿಟ್ಟು ಮಕ್ಕಳ ಹೆಸರಿನಿಂದಲೇ ಓದು ಶುರು ಮಾಡಿಸಿದ್ದಕ್ಕೆ, ಶಾಲೆ ನೋಡಲು ಬಂದವರೊಬ್ಬರು ಮಕ್ಕಳ ಎದುರೇ ಬೈದರಂತೆ. "ಇನ್ನು ಮೇಲೆ ಹೇಳಿದಷ್ಟು ಮಾಡಿ ಸುಮ್ನೆ ಇರಲಾ? ಇಲ್ಲಾ ಕಾರ್ಡೆಲ್ಲ ಪಕ್ಕಕ್ಕಿಟ್ಟು ಬರೀ ಕತೆ ಹೇಳಲಾ? ಕತೆ ಕೇಳುತ್ತಾ ಓದು ತಾನಾಗೇ ಬರುತ್ತದೆ ಅನಿಸುತ್ತದೆ" ಅಂತ ಕೇಳಿದ್ದಾರೆ.

ಮೇಡಂ, ಎರಡೂ ಬೇಡ.

ನಲಿಕಲಿ ಹುಟ್ಟಿದ್ದೇ ಶಿಕ್ಷಕರ ಕೈಯಲ್ಲಿ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡು ಮಾಡಿಕೊಂಡರು. ಅ ಆ ಇ ಈ ಬಿಟ್ಟು ರ ಗ ಸ ದ ಅ ಹಿಡಿದರೆ ಅರಸ, ಅಗಸ, ಗರಗಸ ಅಂತ ಮಗು ಬೇಗ ಓದುತ್ತದೆ ಅಲ್ವಾ? ವರ್ಣಮಾಲೆಯ ಕ್ರಮವನ್ನೇ ಬದಲಿಸಿದ ಪದ್ಧತಿ ಅದು. ಅದರ ಹೆಸರು ಹೇಳಿಕೊಂಡು ಒಂದು ಕಾರ್ಡು ಆಚೀಚೆ ಆಗಬಾರದು ಅನ್ನುವುದನ್ನು ನಾನು ಒಪ್ಪಲ್ಲ.

ನೀವು ಹೆಸರಿನಿಂದ ಶುರು ಮಾಡಿದ್ದು ಸರಿ. ಒತ್ತಕ್ಷರ ಏಣಿಯಲ್ಲಿ ಎಷ್ಟೋ ಮೇಲಿದೆ, ಆದರೆ ನಮ್ಮ ಕಡೆಯ ಮಗುವಿನ ಬಾಯಲ್ಲಿ ಮೊದಲಿಂದಲೂ ಅವ್ವ, ಅಪ್ಪ, ರೊಟ್ಟಿ, ಎತ್ತು. ಮಲ್ಲಮ್ಮ ಅನ್ನುವ ಹುಡುಗಿ ತನ್ನ ಹೆಸರು ನೋಡಲು ಒತ್ತಕ್ಷರದ ಕಾರ್ಡು ಬರುವ ತನಕ ಕಾಯಬೇಕಾ? ಈಗಲೇ ಇಡಿಯಾಗಿ ಗುರುತು ಹಿಡಿಯಲಿ. ಆಮೇಲೆ ಅದರಿಂದಲೇ 'ಮ' ಬಿಡಿಸಿ ತೋರಿಸಿ.

ಆದರೆ ಕತೆಯ ಬಗ್ಗೆ ಬರೆದದ್ದಕ್ಕೆ ನನ್ನ ತಕರಾರಿದೆ. ಕತೆ ಬೇಕೇ ಬೇಕು, ಲಂಬಾಣಿಯಲ್ಲೇ ಹೇಳಿ, ಯಾಡಿ (ಅವ್ವ), ಬಾಟಿ (ರೊಟ್ಟಿ) ಅನ್ನುವ ಮಾತುಗಳನ್ನೇ ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲಿ ಬರೆಯಿರಿ. ಆದರೆ ಮಾತು ಬಂದ ಹಾಗೆ ಓದು ಬರಲ್ಲ. ಮೂಲ ಅಕ್ಷರ 49, ಗುಣಿತ ಸೇರಿದರೆ ನಾನೂರು ದಾಟುತ್ತದೆ, ಅದರ ಮೇಲೆ ಒತ್ತು. ಇಷ್ಟನ್ನೂ ಮಗು ತಾನೇ ಊಹಿಸಿಕೊಳ್ಳಲಿ ಅಂತ ಬಿಟ್ಟರೆ ಮನೆಯಲ್ಲಿ ಹೇಳಿಕೊಡುವವರು ಇರುವ ಮಗು ಹೇಗೋ ದಾಟುತ್ತದೆ, ಉಳಿದವರು ಅಲ್ಲೇ ಉಳಿಯುತ್ತಾರೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. ನಿಮ್ಮ ಮುಂದೆ ಕೂತವರಲ್ಲಿ ಎಷ್ಟು ಜನಕ್ಕೆ ಮನೆಯಲ್ಲಿ ಹೇಳಿಕೊಡುವವರಿದ್ದಾರೆ, ನೀವೇ ಹೇಳಿ. ಯಾದಗಿರಿಯಲ್ಲೂ ಮಹಾರಾಷ್ಟ್ರದ ವಾಡಾದಲ್ಲೂ ಮಕ್ಕಳ ಓದನ್ನು ಮೂರನೇ ತರಗತಿಯವರೆಗೆ ಗಮನಿಸಿದ ಅಧ್ಯಯನವೊಂದಿದೆ, ಲಿಟರಸಿ ರಿಸರ್ಚ್ ಇನ್ ಇಂಡಿಯನ್ ಲ್ಯಾಂಗ್ವೇಜಸ್ ಅಂತ. ಅಲ್ಲಿ ಕಂಡದ್ದೂ ಇದೇ: ಎಷ್ಟೋ ಮಕ್ಕಳಿಗೆ ಅಕ್ಷರವೂ ಗಟ್ಟಿಯಾಗಿರಲಿಲ್ಲ, ಓದಿದ್ದರ ಅರ್ಥದ ಬಗ್ಗೆ ತರಗತಿಯಲ್ಲಿ ಮಾತೂ ಕಡಿಮೆ.

ಹಾಗಾದರೆ ನಿಮ್ಮ ವಿವೇಚನೆ ಎಲ್ಲಿ ಬೇಕು? ಒಂದು ಉದಾಹರಣೆ ಹೇಳುತ್ತೇನೆ. ಚಿತ್ರದ ಕೆಳಗೆ 'ಮನೆ' ಅಂತ ಇದೆ, ಇಬ್ಬರು ಮಕ್ಕಳೂ 'ಮನಿ' ಅಂತ ಓದುತ್ತಾರೆ. ಚಿತ್ರ ಮುಚ್ಚಿ 'ನೆಲ', 'ನೆರಳು' ಬರೆದು ತೋರಿಸಿ. ಒಬ್ಬಳು ಸರಾಗ ಓದುತ್ತಾಳೆ, ಅಂದರೆ ಅವಳಿಗೆ 'ನೆ' ಗೊತ್ತು, ನಮ್ಮ ಕಡೆಯ ಆಡುಮಾತಲ್ಲಿ ಓದಿದ್ದಾಳೆ ಅಷ್ಟೇ, ತಿದ್ದಲು ಹೋಗಬೇಡಿ, ಮುಂದೆ ಕಳಿಸಿ. ಇನ್ನೊಬ್ಬ ಅಲ್ಲೇ ನಿಲ್ಲುತ್ತಾನೆ. ಅವನು ಓದಿದ್ದು ಚಿತ್ರವನ್ನು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನ, ನಿ, ನೆ ಮೂರನ್ನೂ ಮತ್ತೆ ಮಾಡಿಸಿ. ಇಬ್ಬರ ಬಾಯಿಂದ ಬಂದದ್ದು ಒಂದೇ ಮಾತು, ಮಾಡಬೇಕಾದ ಕೆಲಸ ಬೇರೆ ಬೇರೆ. ಇದನ್ನು ಯಾವ ಕಾರ್ಡಿನ ಹಿಂದೆಯೂ ಅಚ್ಚು ಹಾಕೋಕೆ ಆಗಲ್ಲ, ಎದುರಿಗಿರುವ ನೀವೇ ನೋಡಬೇಕು.

ಕಬ್ಬು ಕಡಿಯಲು ಅಪ್ಪ ಅವ್ವನ ಜೊತೆ ಹೋಗಿ ತಿಂಗಳುಗಟ್ಟಲೆ ಆದ ಮೇಲೆ ಬರುವ ಮಕ್ಕಳ ಬಗ್ಗೆಯೂ ಕೇಳಿದ್ದೀರಿ. ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡಬಹುದು, ಏಣಿ ಇರುವುದೇ ಅದಕ್ಕೆ. ಆದರೆ ಮೊದಲ ದಿನ ಒಂದೆರಡು ಮೆಟ್ಟಿಲು ಕೆಳಗೆ ಇಳಿಸಿ ನೋಡಿ, ತುಂಬಾ ಮರೆತಿರುತ್ತಾರೆ.

ಮುಂದಿನ ಸಲ ಯಾರಾದರೂ ಬಂದು ಕೇಳಿದರೆ ತೋರಿಸಲು ಕೈಯಲ್ಲೊಂದು ನೋಟ್‌ಬುಕ್ ಇರಲಿ. ಮಗುವಿಗೊಂದು ಪುಟ, ವಾರಕ್ಕೊಂದು ಸಾಲು: ಏನು ಓದಿತು, ಎಲ್ಲಿ ನಿಂತಿತು, ನೀವು ಏನು ಬದಲಿಸಿದಿರಿ, ಯಾಕೆ. ಬದಲಿಸಿದ್ದು ಕೆಲಸ ಮಾಡದಿದ್ದರೆ ಅದನ್ನೂ ಬರೆಯಿರಿ, ಕಾರ್ಡಿಗೇ ವಾಪಸ್ ಬನ್ನಿ. ಇಷ್ಟು ಇಲ್ಲದೆ 'ನನ್ನ ವಿವೇಚನೆ' ಅಂದರೆ ಯಾರೂ ನಂಬಲ್ಲ, ನಂಬಲೂಬಾರದು.

ಅಧಿಕಾರಿಗಳೂ ಇದನ್ನು ಓದುತ್ತಾರೆ ಅಂತ ಗೊತ್ತು, ಅವರಿಗೂ ಒಂದು ಮಾತು. ಚಿಕ್ಕ ಮಕ್ಕಳ ಓದು, ಲೆಕ್ಕ ಗಟ್ಟಿ ಮಾಡಲು ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆ ಕೇಳುವುದು, 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಅಂತ. ಹಾಗಾಗಿ ಶಾಲೆಗೆ ಹೋದಾಗ ಕಾರ್ಡಿನ ನಂಬರ್ ಕೇಳುವ ಮೊದಲು ಒಂದು ಮಗುವನ್ನು ಕರೆದು ಓದಿಸಿ, ಆಮೇಲೆ ಟೀಚರನ್ನು 'ಯಾಕೆ ಹೀಗೆ ಮಾಡಿದಿರಿ' ಅಂತ ಕೇಳಿ, ಉತ್ತರ ಮುಗಿಯುವ ತನಕ ಕೂತು ಕೇಳಿಸಿಕೊಳ್ಳಿ. ಬೈಯಲೇಬೇಕಾದರೆ ಮಕ್ಕಳ ಮುಂದೆ ಬೇಡ.

ಮೇಡಂ, ಆ ನೋಟ್‌ಬುಕ್ಕಿನ ಒಂದೆರಡು ಪುಟ ನಮಗೂ ಕಳಿಸಿ. ಮಕ್ಕಳ ಹೆಸರು ತೆಗೆದು ಪತ್ರಿಕೆಯಲ್ಲಿ ಹಾಕುತ್ತೇವೆ, ಬೀದರ್, ಕಲಬುರಗಿಯ ಟೀಚರ್‌ಗಳೂ ನೋಡಲಿ.