ಆ ಸಾಲನ್ನೂ ಬರೆಸಿ

ದಾವಣಗೆರೆ ಜಿಲ್ಲೆಯ ಓದುಗರೊಬ್ಬರು (ಹೆಸರು, ಊರು ಹಾಕಬೇಡಿ ಎಂದಿದ್ದಾರೆ) ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಅವರ ತಂದೆ ಊರಿನ ಸೊಸೈಟಿಯಲ್ಲಿ ಕಾರ್ಯದರ್ಶಿ. ಜಮೀನೇ ಇಲ್ಲದವರ ಹೆಸರಿಗೆ ಬೆಳೆ ಸಾಲ ಬರೆಯಲು ಒಪ್ಪದೆ 1994ರಲ್ಲಿ ಅಮಾನತಾದರು. ಹಣ ದುರುಪಯೋಗದ ಆರೋಪ ಅವರ ಮೇಲೆಯೇ ಬಂತು. ವಿಚಾರಣೆ ಮುಗಿಯುವ ಮೊದಲೇ, 1998ರಲ್ಲಿ, ತೀರಿಕೊಂಡರು. ಕಡತ ಮುಚ್ಚಿತು. ಈಗ ಸೊಸೈಟಿಯ ಸುವರ್ಣ ಮಹೋತ್ಸವದಲ್ಲಿ ಅವರ ಭಾವಚಿತ್ರದ ಅನಾವರಣವಂತೆ. ಅನಾವರಣ ಮಾಡುವವರು ಅಂದು ಅಮಾನತಿನ ಆದೇಶಕ್ಕೆ ಸಹಿ ಹಾಕಿದ ಅಧ್ಯಕ್ಷರೇ. ‘ಸತ್ತವರನ್ನು ಯಾಕೆ ಎಬ್ಬಿಸುತ್ತೀ ಅಂತ ಅಣ್ಣ ಬೈಯುತ್ತಾನೆ. ನಾನು ಹೋಗಲೋ ಬೇಡವೋ?’

ತಾಯಿ, ಹೋಗಿ. ಆದರೆ ಬರಿಗೈಯಲ್ಲಿ ಹೋಗಬೇಡಿ.

ನಿಮ್ಮ ಅಣ್ಣನವರ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಅವರು ಊರಲ್ಲೇ ಇರುವವರು. ಮುಂಗಾರು ಬಂದರೆ ಗೊಬ್ಬರಕ್ಕೆ, ಸಾಲದ ನವೀಕರಣಕ್ಕೆ ಅದೇ ಸೊಸೈಟಿಯ ಕಟ್ಟೆ ಹತ್ತಬೇಕು. ನೀವು ಪತ್ರ ಬರೆದು ಬೆಂಗಳೂರಿನ ಬಸ್ಸು ಹತ್ತುತ್ತೀರಿ. ಅದು ಸರಿಯೇ. ಆದರೆ ಸತ್ತವರನ್ನು ಎಬ್ಬಿಸುತ್ತಿರುವುದು ನೀವಲ್ಲವಲ್ಲ! ಪಟ ಮಾಡಿಸಿ, ಹಾರ ತರಿಸಿ, ಮೈಕಿನವನಿಗೆ ಮುಂಗಡ ಕೊಟ್ಟವರು ಸೊಸೈಟಿಯವರು.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಬೇರೆ. ತಂದೆಯ ಟ್ರಂಕಿನಲ್ಲಿ ಅವರು ಆಡಳಿತ ಮಂಡಳಿಗೆ ಕೊಟ್ಟ ಆಕ್ಷೇಪಣೆಯ ಪ್ರತಿ ಸಿಕ್ಕಿತು, ಜೊತೆಗೆ ನಾಲ್ಕು ಪಹಣಿ, ಪ್ರತಿ ಹಾಳೆಯ ಮೂಲೆಯಲ್ಲೂ ಅವರ ಚಿಕ್ಕ ರುಜು ಮತ್ತು ತಾರೀಖು, ಕೊನೆಯ ಹಾಳೆಯಲ್ಲಿ ‘ಸ್ವೀಕರಿಸಿದೆ’ ಎಂಬ ನೇರಳೆ ಮೊಹರು. ಎಂಥ ಮನುಷ್ಯ! ತನ್ನ ಮಾತನ್ನು ಯಾರೂ ನಂಬಲಾರರು ಎಂದು ಗೊತ್ತಿದ್ದವನು ಮಾತ್ರ ಹೀಗೆ ಮೂಲೆಮೂಲೆಗೆ ತಾರೀಖು ಹಾಕುತ್ತಾನೆ. ಆಮೇಲೆ ನೀವು ಬರೆಯುತ್ತೀರಿ: ‘ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸಿದ್ದೇನೆ.’ ಅಯ್ಯೋ, ಏನು ಮಾಡಿದಿರಿ! ಆ ಬಿಸಿಗೆ ಪ್ಲಾಸ್ಟಿಕ್ಕು ಕಾಗದಕ್ಕೆ ಅಂಟಿಕೊಂಡರೆ ಮತ್ತೆ ಬಿಡಿಸುವ ಹಾಗಿಲ್ಲ. ಉಳಿದ ಕಾಗದ ಇದ್ದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ತುಕ್ಕು ಹಿಡಿದ ಗುಂಡುಸೂಜಿ ಮೆಲ್ಲಗೆ ತೆಗೆಯಿರಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿ, ತೇವ ತಾಗದ ಕಡೆ ಇಡಿ. ಸ್ಕ್ಯಾನ್ ಮಾಡಿ ಎರಡು ಜಾಗದಲ್ಲಿ ಇಡಿ.

ಬೈಯುವ ಯೋಗ್ಯತೆ ನನಗಿಲ್ಲ, ಬಿಡಿ. ನನ್ನಪ್ಪ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರು. ಶಾಲೆ ಕೊಠಡಿಯ ಸಿಮೆಂಟಿನಲ್ಲಿ ಮೇಲಿನವರಿಗೆ ಪಾಲು ಕೊಡಲಿಲ್ಲವೆಂದು ಎರಡು ವರ್ಷದಲ್ಲಿ ಮೂರು ವರ್ಗಾವಣೆ ಕಂಡವರು. ಅವರ ವೈಕುಂಠ ಸಮಾರಾಧನೆ ಮುಗಿದ ಮರುದಿನ ಮನೆ ಸಾರಿಸಬೇಕಿತ್ತು. ಎರಡು ಗೋಣಿಚೀಲ ಕಾಗದವನ್ನು ನಾನೇ ಹೊತ್ತುಕೊಂಡು ಹೋಗಿ ರದ್ದಿಗೆ ಹಾಕಿದೆ. ತಕ್ಕಡಿಯವನು ಕೊಟ್ಟ ದುಡ್ಡಿನಲ್ಲಿ ಹಾಲು ತಂದೆವು. ಇವತ್ತು ಆ ಮೂರು ವರ್ಗಾವಣೆಯ ತಾರೀಖು ಕೇಳಿದರೆ ನನ್ನ ಬಾಯಲ್ಲಿ ‘ಎಂಬತ್ತರ ಆಸುಪಾಸು’ ಅಂತ ಬರುತ್ತದೆ. ಪಟ ಇದೆ ಮನೆಯಲ್ಲಿ, ಗಂಧದ ಹಾರವೂ ಇದೆ.

ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿದ್ದೀರಾ? ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅಲ್ಲಿದ್ದರು ಎಂದು ಎಲ್ಲರೂ ಹೇಳುತ್ತಾರೆ. ಅಲ್ಲೇ ಇದ್ದ ಸ್ನೇಹಲತಾ ರೆಡ್ಡಿಯವರ ಹೆಸರು ತಡವಾಗಿ ಬರುತ್ತದೆ. ‘ಸಂಸ್ಕಾರ’ ಚಿತ್ರದ ಚಂದ್ರಿ ಅವರೇ. 1976ರ ಮೇ ತಿಂಗಳಲ್ಲಿ ಬರೋಡಾ ಡೈನಮೈಟ್ ಪ್ರಕರಣದ (ಸರ್ಕಾರದ ವಿರುದ್ಧ ಸ್ಫೋಟಕ ಇಡುವ ಸಂಚಿನ ಆರೋಪ) ಹೆಸರಿನಲ್ಲಿ ಹಿಡಿದರು, ಎಂಟು ತಿಂಗಳು ಇಟ್ಟರು. ಆಕೆಗೆ ತೀವ್ರ ಆಸ್ತಮಾ. ಆರೋಪ ಸಾಬೀತಾಗಲೇ ಇಲ್ಲ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ಐದೇ ದಿನ. ಆಕೆ ಜೈಲಿನಲ್ಲಿ ದಿನಚರಿ ಬರೆದಿಟ್ಟಿದ್ದರು, ಅದು ಅದೇ ವರ್ಷ ಅಚ್ಚಾಯಿತು. ಗಂಡ, ಮಕ್ಕಳು ಆಕೆಯನ್ನು ಬರೀ ಪಟ ಮಾಡಿ ಗೋಡೆಗೆ ಹಾಕಿ ಸುಮ್ಮನಾಗಿದ್ದರೆ ಇವತ್ತು ನಮಗೆ ಸಿಗುತ್ತಿದ್ದದ್ದು ‘ಒಬ್ಬ ನಟಿ, ಕಾಯಿಲೆಯಿಂದ ನಿಧನ’ ಎಂಬ ಒಂದು ಸಾಲು. ಅಧಿಕಾರಕ್ಕೆ ಬೇಕಾಗುವುದೂ ಆ ಒಂದು ಸಾಲೇ.

ಇನ್ನೊಂದು ಕೇಳಿ. ಆ ಕಾಲದ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗ 1978ರಲ್ಲಿ ವರದಿ ಕೊಟ್ಟಿತು. ಮುಂದೆ ಸರ್ಕಾರ ಬದಲಾದ ಮೇಲೆ ಅದರ ಪ್ರತಿಗಳು ಕಣ್ಣಿಗೆ ಬೀಳುವುದೇ ಅಪರೂಪವಾಯಿತು. 2010ರಲ್ಲಿ ಮತ್ತೆ ಪುಸ್ತಕವಾಗಿ ಬಂದದ್ದು ಹೇಗೆ ಗೊತ್ತೇ? ತಮಿಳುನಾಡಿನ ಮಾಜಿ ಸಂಸದ ಏರಾ ಸೆಳಿಯನ್ ಅವರ ಸಂಗ್ರಹದಲ್ಲಿ ಒಂದು ಪ್ರತಿ ಇತ್ತು, ಅದರಿಂದ. ಇಡೀ ದೇಶದ ನೆನಪಿಗೂ ಯಾರದೋ ಮನೆಯ ಬೀರು ಬೇಕಾಯಿತು ನೋಡಿ.

ಈಗ ನಿಮ್ಮ ಕೆಲಸ. ಸೊಸೈಟಿಗೆ ಅರ್ಜಿ ಹಾಕಿದರೆ ‘ಮಾಹಿತಿ ಹಕ್ಕು ನಮಗೆ ಅನ್ವಯಿಸದು’ ಎನ್ನುತ್ತಾರೆ. ಕೇರಳದ ಒಂದು ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೆಚ್ಚುಕಡಿಮೆ ಹಾಗೇ ಹೇಳಿದೆ. ಆದರೆ ಕಾನೂನಿನ ಪ್ರಕಾರ ಸಹಕಾರ ಸಂಘಗಳ ನಿಬಂಧಕರ (ರಿಜಿಸ್ಟ್ರಾರ್) ಕೈಗೆ ಸಿಗುವ ಮಾಹಿತಿಯನ್ನು ಅವರು ಕೊಡಬೇಕು ಎಂದೂ ಅದೇ ತೀರ್ಪಿನಲ್ಲಿದೆ. ಹಾಗಾಗಿ ಸಹಾಯಕ ನಿಬಂಧಕರ ಕಚೇರಿಗೆ ಹೋಗಿ. ಹತ್ತು ರೂಪಾಯಿ ಶುಲ್ಕ. ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನ ವಿಚಾರಣೆ ನಡೆದಿದ್ದರೆ ಅದರ ವರದಿ, ಆ ವರ್ಷದ ಲೆಕ್ಕಪರಿಶೋಧನಾ ವರದಿ, ಅಮಾನತಿನ ಠರಾವು ಇರುವ ನಡಾವಳಿಯ ಪ್ರತಿ ಕೇಳಿ. ಇಪ್ಪತ್ತು ವರ್ಷ ದಾಟಿದ ವಿಷಯಕ್ಕೆ ಹೆಚ್ಚಿನ ವಿನಾಯಿತಿಗಳು ಅಡ್ಡ ಬರುವುದಿಲ್ಲ, ಮಾಹಿತಿ ಹಕ್ಕು ಕಾಯ್ದೆಯ 8(3) ನೋಡಿ. ಅರ್ಜಿ ಮಾತ್ರ 150 ಪದದೊಳಗೆ, ಒಂದೇ ವಿಷಯಕ್ಕೆ ಇರಬೇಕು. ನಮ್ಮ ಕರ್ನಾಟಕದ ನಿಯಮ ಅದು! ಅಭಿನಂದನಾ ಪತ್ರ ಎಷ್ಟು ಪುಟವಾದರೂ ಇರಬಹುದು, ಪ್ರಶ್ನೆಗೆ ಮಾತ್ರ ಅಳತೆ.

ಕಡತ ಸಿಗದಿರಬಹುದು. ಹಳೆಯ ಕಡತಗಳನ್ನು ಗೆದ್ದಲು ತಿಂದಿರುತ್ತದೆ, ಇಲ್ಲವೇ ಕಚೇರಿ ಸ್ಥಳಾಂತರದಲ್ಲಿ ‘ಲಭ್ಯವಿಲ್ಲ’ ಆಗಿರುತ್ತದೆ. ಆ ‘ಲಭ್ಯವಿಲ್ಲ’ ಎಂಬ ಹಿಂಬರಹವನ್ನೂ ಟ್ರಂಕಿಗೆ ಹಾಕಿ.

ಸಹಕಾರದ ಮಾತು ಬಂದಾಗ ಹೊಟ್ಟೆ ಉರಿಯುತ್ತದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ನಾಡು ಇದು. ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳು ನನ್ನ ಮೇಜಿಗೆ ತಿಂಗಳಿಗೆ ಎರಡಾದರೂ ಬರುತ್ತವೆ. ಮೊದಲ ಹತ್ತು ಪುಟ ಮಂತ್ರಿಗಳ ಸಂದೇಶ, ಆಮೇಲೆ ನಿರ್ದೇಶಕರ ಫೋಟೊ, ಆಮೇಲೆ ಬೀಜದ ಅಂಗಡಿಯವರ ಶುಭಾಶಯ. ಡೇಬುಕ್ ಬರೆದ ಗುಮಾಸ್ತನ ಹೆಸರು ಎಲ್ಲಿಯೂ ಇಲ್ಲ. ಸಂಘದಲ್ಲಿ ಜಗಳವೇ ನಡೆಯಲಿಲ್ಲವೇನೋ ಎಂಬಂತೆ ಐವತ್ತು ವರ್ಷದ ಚರಿತ್ರೆ ಮುಗಿಯುತ್ತದೆ. ರಸ್ತೆಗೆ ಹೆಸರಿಡುವುದು, ವೃತ್ತಕ್ಕೆ ಪ್ರತಿಮೆ ನಿಲ್ಲಿಸುವುದು, ಎಲ್ಲ ಈ ಜಾತಿಯದೇ. ಬದುಕಿದ್ದಾಗ ಬೇಡವಾದವನಿಗೆ ಸತ್ತ ಮೇಲೆ ಶಾಲು.

ಒಂದು ಎಚ್ಚರ. ನಿಮ್ಮ ತಂದೆಯನ್ನು ದೇವರು ಮಾಡಬೇಡಿ. ಸಿಡುಕರು, ಮನೆಯಲ್ಲಿ ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ ಎಂದು ನೀವೇ ಬರೆದಿದ್ದೀರಿ. ಅದೂ ಇರಲಿ.

ಸಮಾರಂಭದ ದಿನ ವೇದಿಕೆಯ ಮೇಲೆ ಗಲಾಟೆ ಮಾಡಬೇಡಿ. ಅಧ್ಯಕ್ಷರಿಗೂ ವಯಸ್ಸಾಗಿದೆ, ಹಾರ ಅವರೇ ಹಾಕಲಿ. ಅದಕ್ಕೆ ಮೊದಲು ಸೊಸೈಟಿಗೆ ಹೋಗಿ ಪಟದ ಕೆಳಗಿನ ಫಲಕಕ್ಕೆ ನಿಮ್ಮ ಕಡೆಯಿಂದ ಒಂದು ಸಾಲು ಬರೆದುಕೊಡಿ: ತಂದೆಯ ಹೆಸರು, ಕಾರ್ಯದರ್ಶಿ, ಸೇರಿದ ವರ್ಷ, ‘1994ರಲ್ಲಿ ಸುಳ್ಳು ಸಾಲಕ್ಕೆ ಲಿಖಿತ ಆಕ್ಷೇಪಣೆ, ನಂತರ ಅಮಾನತು. ವಿಚಾರಣೆ ಮುಗಿಯಲಿಲ್ಲ.’ ಜೊತೆಗೆ ಆ ಆಕ್ಷೇಪಣೆಯ ಜೆರಾಕ್ಸ್. ಆಗುವುದಿಲ್ಲ ಎಂದರೆ, ಅದನ್ನೇ ಬರೆದುಕೊಡಿ ಸ್ವಾಮಿ, ಮೊಹರು ಹಾಕಿ, ಅನ್ನಿ.